ಜೀಪಿನ ಎಡಮಗ್ಗುಲು

ಇದನ್ನು ಹೇಳುವುದನ್ನು ಆರು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ಮೊದಲ ವರ್ಷ ಸಿಟ್ಟಿತ್ತು, ಆಮೇಲೆ ನಾಚಿಕೆ ಇತ್ತು, ಕೊನೆಕೊನೆಗೆ ಅದೇ ಅಭ್ಯಾಸವಾಗಿಹೋಯಿತು. ಹಬ್ಬ ಬಂದರೆ ಹಬ್ಬದ ದಿನ ಬೇಡ ಎಂದುಕೊಂಡೆ. ಯಾರಾದರೂ ತೀರಿಕೊಂಡರೆ ಸಾವಿನ ಮನೆಯಲ್ಲಿ ಇದೆಲ್ಲ ಯಾಕೆ ಎಂದುಕೊಂಡೆ. ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ಬರೆದದ್ದು ಎಂದರೆ ಪೀಣ್ಯದಲ್ಲಿ ಬೋಲ್ಟುಗಳಿಗೆ ಲೋಹದ ಲೇಪ ಕೊಡುವ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಮೂವತ್ತು ವರ್ಷ ಶಿಫ್ಟಿನ ರಿಜಿಸ್ಟರು. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಾಕಳಿಯ ನಮ್ಮ ಮನೆ ಮುಂದೆ ಇಟ್ಟಿಗೆಗಳ ಮೇಲೆ ನಿಂತಿರುವ ಜೀಪನ್ನು ನಾನು ಗುಜರಿಗೆ ಹಾಕುವುದಿಲ್ಲ. ಬೆಳ್ಳಂದೂರಿನ ಕಡೆ ಕೆಲಸ ಮಾಡುವ ಅಳಿಯ ಬಂದಾಗಲೆಲ್ಲ, ಇದನ್ನು ರಸ್ತೆಗೆ ಇಳಿಸಲು ಇನ್ನು ಎಫ್‌ಸಿ ಸಿಗುವುದಿಲ್ಲ ಮಾವ, ಕೊಟ್ಟುಬಿಡಿ ಎನ್ನುತ್ತಾನೆ. ಅವನು ಹೇಳುವುದರಲ್ಲಿ ತಪ್ಪಿಲ್ಲ. ಆದರೂ ಕೊಡುವುದಿಲ್ಲ. ನಮಗೆ ಸೈಟು ಮಾರಿದ ಪಕ್ಕದ ಮನೆಯ ಯಜಮಾನರೊಬ್ಬರಿದ್ದಾರೆ, ಊರಿನ ಅರ್ಧ ಬಾಡಿಗೆ ಮನೆಗಳು ಅವರವೇ. ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ನನ್ನನ್ನು ವಿಚಾರಿಸಿಕೊಳ್ಳುವುದೇ ಅವರ ಕೆಲಸ.

“ಎಮ್ಮೆ ಸತ್ರೂ ಅಳ್ಳ ತೋಡಿ ಊಳ್ತೀವಿ ಕಣಯ್ಯ. ನೀನೇನು ಇದ್ನ ಇಂಗೆ ಒಣಗಾಕ್ಕಂಡಿದ್ದೀಯ?”

“ನಿಮ್ಮ ಗೇಟಿಗೆ ಅಡ್ಡ ಇದ್ಯಾ ಯಜಮಾನ್ರೇ?”

“ಅಡ್ಡ ಏನಿಲ್ಲ.”

“ಹಂಗಿದ್ರೆ ಒಣಗ್ಲಿ ಬಿಡಿ.”

ಜೀಪು ಕೊಂಡದ್ದಕ್ಕೂ ನನಗೆ ಪಶ್ಚಾತ್ತಾಪವಿಲ್ಲ. ಐವತ್ತು ದಾಟಿದ ಮೇಲೆ ಹಳೆಯ ಫೋರ್ ವೀಲ್ ಡ್ರೈವ್ ಜೀಪು ಕೊಂಡವನನ್ನು ನೋಡಿ ಶೆಡ್ಡಿನ ಸಾಲಿನಲ್ಲಿ ಎಲ್ಲರೂ ನಕ್ಕರು. ವಾರಕ್ಕೆ ಆರು ದಿನ ಆಸಿಡ್ ತೊಟ್ಟಿಯ ಹೊಗೆ ಕುಡಿದವನಿಗೆ ಭಾನುವಾರ ಒಂದು ಬಂಡೆಯ ನೆತ್ತಿಗೆ ಗಾಡಿ ಹತ್ತಿಸಿ ಎಂಜಿನ್ ನಿಲ್ಲಿಸಿದಾಗ ಸಿಗುವ ಗಾಳಿ ಎಂಥದು ಎಂದು ನಕ್ಕವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವರಲ್ಲೇ ನಾಲ್ಕು ಜನ ಒಂದೊಂದು ಹಳೇ ಗಾಡಿ ತಂದರು. ಶಿವಗಂಗೆಯ ಕಡೆಯ ಕಲ್ಲುಹಾದಿ, ನೆಲಮಂಗಲದ ಆಚೆಯ ಒಣಕೆರೆಗಳು, ಮಾಕಳಿಯ ಸುತ್ತಿನ ಹಳೇ ಕಲ್ಲುಕ್ವಾರಿಗಳು ಎಲ್ಲ ಸುತ್ತಿದೆವು. ಗಾಡಿ ಎಲ್ಲಿ ಇಳಿಸಬೇಕು, ಎಲ್ಲಿ ಬೇಡ ಎಂದು ಹೇಳುವವನು ನಾನು. ನನ್ನ ಮಾತು ನಡೆಯುತ್ತಿತ್ತು. ಆ ಮಾತು ನಡೆಯುತ್ತಿದ್ದುದೇ ಆಮೇಲೆ ಒಬ್ಬನ ಅನ್ನಕ್ಕೆ ಕಲ್ಲು ಹಾಕಿತು.

ಜೀಪಿಗೆ ಮೊದಲು ತುಕ್ಕು ಕಾಣಿಸಿದ್ದು ಎಡಗಡೆ ಬಾಗಿಲ ಕೆಳಗೆ. ಬಣ್ಣದ ಒಳಗಿನಿಂದ ಕಡಲೆಕಾಳಿನಷ್ಟು ಒಂದು ಗುಳ್ಳೆ ಎದ್ದಿತ್ತು. ದಿನಾ ಜೀಪು ನಿಲ್ಲುತ್ತಿದ್ದುದು ನಮ್ಮ ಶೆಡ್ಡಿನ ಹಿಂಬದಿಯಲ್ಲಿ, ಆಸಿಡ್ ತೊಟ್ಟಿಗಳ ಹೊಗೆ ಹೊರಗೆ ತಳ್ಳುವ ಫ್ಯಾನಿನ ಪಕ್ಕ. ಆ ಗಾಳಿಗೆ ಶೆಡ್ಡಿನ ಕಿಟಕಿಯ ಸರಳುಗಳೇ ಪುಡಿಯಾಗಿ ಉದುರುತ್ತಿದ್ದವು. ಜೀಪಿನ ತಗಡು ಯಾವ ಲೆಕ್ಕ. ಗುಳ್ಳೆಯನ್ನು ಉಗುರಿನಲ್ಲಿ ಕೆರೆದೆ. ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಹಚ್ಚಿದೆ. ಮೂರು ತಿಂಗಳಿಗೆ ಅದರ ಪಕ್ಕದಲ್ಲಿ ಇನ್ನೆರಡು ಎದ್ದವು.

ಇಲ್ಲಿ ನನ್ನ ಷಡ್ಡಕನ ವಿಷಯ ಹೇಳಬೇಕು. ನನ್ನ ಹೆಂಡತಿಯ ತಂಗಿಯ ಗಂಡ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಪೀಣ್ಯಕ್ಕೆ ಅಂಟಿದ ರಾಜಗೋಪಾಲನಗರದಲ್ಲಿ ಅವನದೊಂದು ಟಿಂಕರಿಂಗ್ ಶೆಡ್ಡು ಇತ್ತು. ಗುದ್ದಿಸಿಕೊಂಡ ಗಾಡಿಗಳ ತಗಡು ಬಡಿದು ನೇರ ಮಾಡುವುದು, ಕೊಳೆತದ್ದನ್ನು ಕೊಯ್ದು ಹೊಸ ತಗಡು ಬೆಸೆಯುವುದು, ಬಣ್ಣ ಹೊಡೆಯುವುದು ಅವನ ಕೆಲಸ. ಆರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ. ಹಬ್ಬಕ್ಕೆ ಅತ್ತೆ ಮನೆಯಲ್ಲಿ ಇಬ್ಬರಿಗೂ ಅಕ್ಕಪಕ್ಕ ಎಲೆ ಹಾಕಿದರೆ, ನನಗೆ ಮೊದಲು ಬಡಿಸಲಿ ಎಂದು ಅವನೇ ಕೈಸನ್ನೆ ಮಾಡುತ್ತಿದ್ದ. ಅದು ನನಗೆ ಸಲ್ಲಬೇಕಾದದ್ದೇ ಎಂದು ನಾನು ಕೂತಿರುತ್ತಿದ್ದೆ.

ಅವನು ಜೀಪಿನ ಕೆಳಗೆ ಮಲಗಿ, ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಸಲ ತಟ್ಟುತ್ತಾ ಕಿವಿ ಕೊಟ್ಟು ಕೇಳಿದ. ಗಟ್ಟಿ ತಗಡಿಗೆ ಒಂದು ದನಿ, ಒಳಗೆ ತಿಂದುಹೋದದ್ದಕ್ಕೆ ಇನ್ನೊಂದು. ಬಾಗಿಲುಗಳ ಕೆಳಗೆ ಎರಡೂ ಕಡೆ ಮುಂದಿನಿಂದ ಹಿಂದಕ್ಕೆ ಉದ್ದನೆಯ ಪೊಳ್ಳು ತಗಡಿನ ಕೊಳವೆ ಹೋಗುತ್ತದೆ. ಅದನ್ನು ಬಾಕ್ಸ್ ಎನ್ನುತ್ತಾರೆ. ಕಾಲಿಡುವ ತಗಡು ನಿಂತಿರುವುದು ಅದರ ಮೇಲೆ. ಎಡಗಡೆ ಬಾಕ್ಸಿನ ಒಳಗೆ ತುಕ್ಕು ಹಿಡಿದಿದೆ, ಬಲಗಡೆಯೂ ಶುರುವಾಗಿದೆ, ಬಾಡಿ ಎತ್ತಿ ಕೊಯ್ದು ಹೊಸದು ಹಾಕಬೇಕು, ಹದಿನೈದು ದಿನ ಬಿಟ್ಟುಹೋಗಿ ಎಂದ.

ನನಗೆ ನಗು ಬಂತು. ತುಕ್ಕಿನ ವಿಷಯ ನನಗೆ ಹೇಳುತ್ತಾನಲ್ಲ ಎನಿಸಿತು. ನಮ್ಮ ಶೆಡ್ಡಿಗೆ ತುಕ್ಕು ಹಿಡಿದ ಬೋಲ್ಟುಗಳು ಮೂಟೆಗಟ್ಟಲೆ ಬರುತ್ತಿದ್ದವು. ಆಸಿಡ್ ತೊಟ್ಟಿಯಲ್ಲಿ ಹತ್ತು ನಿಮಿಷ ಅದ್ದಿ ತೆಗೆದರೆ ಬೆಳ್ಳಗೆ ಹೊಳೆಯುತ್ತಿದ್ದವು. ಹತ್ತು ನಿಮಿಷದ ಕೆಲಸಕ್ಕೆ ಹದಿನೈದು ದಿನ ಕೇಳುತ್ತಿದ್ದಾನೆ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿ ಇನ್ನೊಮ್ಮೆ ನಕ್ಕೆ.

ಮುಂದಿನ ಭಾನುವಾರ ಶೆಡ್ಡಿನಿಂದ ಒಂದು ಕ್ಯಾನ್ ಆಸಿಡ್ ತಂದೆ. ಎಡಗಡೆ ಬಾಕ್ಸಿಗೆ ಮೇಲಿನಿಂದ ತೂತು ಕೊರೆದು, ಆಲಿಕೆ ಇಟ್ಟು ಸುರಿದೆ. ಒಳಗೆ ಬುಸುಬುಸು ಎಂದು ನೊರೆ ಎದ್ದ ಸದ್ದು ಕೇಳಿ ಖುಷಿಯಾಯಿತು. ಕೆಳಗಿನ ಸಂದುಗಳಿಂದ ಕಾಫಿ ಬಣ್ಣದ ನೀರು ಇಳಿಯಿತು. ಕಾಲಿಡುವ ತಗಡಿನ ಅಡಿಗೂ ಬ್ರಶ್ಶಿನಲ್ಲಿ ಹಚ್ಚಿದೆ. ಬಲಗಡೆಗೆ ಬರುವಷ್ಟರಲ್ಲಿ ಕ್ಯಾನು ಖಾಲಿಯಾಗಿತ್ತು. ಇನ್ನೊಂದು ದಿನ ನೋಡಿದರಾಯಿತು ಎಂದು ಪೈಪಿನಲ್ಲಿ ನೀರು ಬಿಟ್ಟು ತೊಳೆದು, ಒಣಗಿಸಿ, ಅಡಿಗೆಲ್ಲ ದಪ್ಪಗೆ ಡಾಂಬರಿನ ಬಣ್ಣ ಬಳಿದೆ. ಆ ಇನ್ನೊಂದು ದಿನ ಬರಲೇ ಇಲ್ಲ.

ಗೊತ್ತಿಲ್ಲದೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಆಸಿಡ್ಡಿನಿಂದ ತೆಗೆದ ಮಾಲನ್ನು ನೀರಿನ ತೊಟ್ಟಿಗೆ ಅದ್ದಬೇಕು, ಆಮೇಲೆ ಸೋಡಾ ತೊಟ್ಟಿಗೆ, ಮತ್ತೆ ನೀರಿಗೆ, ಆಮೇಲೆ ಬಿಸಿಗಾಳಿಗೆ. ಸಂದಿನಲ್ಲಿ ಒಂದು ತೊಟ್ಟು ಆಸಿಡ್ ಉಳಿದರೂ ಅದು ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಪೊಳ್ಳು ಮಾಲು ಬಂದರೆ ಆಸಿಡ್ಡಿಗೆ ಹಾಕದೆ ವಾಪಸ್ಸು ಕಳಿಸಿ ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಡುತ್ತಿದ್ದವನೇ ನಾನು. ಮುಚ್ಚಿದ ಬಾಕ್ಸಿಗಿಂತ ಪೊಳ್ಳಾದ ಮಾಲು ಇನ್ನೇನಿದೆ? ಆದರೆ ಆ ದಿನ ನನಗೆ ಬೇಕಿದ್ದುದು ಜೀಪು ಉಳಿಯುವುದಲ್ಲ. ಷಡ್ಡಕ ಹೇಳಿದ್ದು ತಪ್ಪು ಎಂದಾಗುವುದು.

ಮರುವರ್ಷ ಆಯುಧಪೂಜೆಗೆ ಮುಂಚೆ ಜೀಪಿಗೆ ಹೊಸ ಬಣ್ಣ ಹೊಡೆಸಬೇಕು ಎನಿಸಿತು. ಬಣ್ಣಕ್ಕೆ ಷಡ್ಡಕನನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೆ ಹೆಂಡತಿ ಸುಮ್ಮನಿರುವುದಿಲ್ಲ. ಅವನ ಶೆಡ್ಡಿಗೇ ಬಿಟ್ಟೆ. ಏನನ್ನೂ ಬಿಚ್ಚಬೇಡ, ಕೊಯ್ಯಬೇಡ, ಮೇಲೆ ಹಸಿರು ಬಣ್ಣ ಹೊಡೆದು ಕೊಡು ಎಂದೆ. ಅವನು ಮತ್ತೆ ಸುತ್ತಿಗೆಯಿಂದ ತಟ್ಟಿ ನೋಡಿದ. ಎಡಗಡೆ ತಟ್ಟಿ ಕಿವಿ ಹತ್ತಿರ ತಂದ. ಇನ್ನೊಮ್ಮೆ ತಟ್ಟಿದ.

“ಅಣ್ಣ, ಬರೀ ಬಣ್ಣ ಹೊಡೆದು ಕೊಡಕ್ಕೆ ನಂಗೆ ಮನಸ್ಸು ಒಪ್ತಿಲ್ಲ.”

“ಮನಸ್ಸು ಒಪ್ಪೋದು ಬೇಡ ಕಣೋ, ಬ್ರಶ್ ಹಿಡಿಯೋಕೆ ಕೈ ಒಪ್ಪಿದ್ರೆ ಸಾಕು.”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಹೇಳಿದ ದಿನಕ್ಕೆ ಗಾಡಿ ಕೊಟ್ಟ. ಬಣ್ಣ ಗಾಜಿನ ಹಾಗಿತ್ತು. ಬೀಗದ ಕೈ ಕೊಡುವಾಗ ಮಾತ್ರ ಅದನ್ನು ಬೆರಳಲ್ಲಿ ಹಿಡಿದುಕೊಂಡೇ, ಇದನ್ನು ಟಾರು ರಸ್ತೆ ಬಿಟ್ಟು ಇಳಿಸಬೇಡಿ ಎಂದ. ಜೀಪು ಇರುವುದೇ ಇಳಿಸುವುದಕ್ಕೆ ಎಂದು ನಾನು ಬೀಗದ ಕೈಯನ್ನು ಕಿತ್ತುಕೊಂಡೆ. ಪೂಜೆ ಮಾಡಿ ಬೂದುಗುಂಬಳ ಒಡೆದು, ಅದರ ಮುಂದಿನ ಭಾನುವಾರ ಎಲ್ಲರೂ ಮನೆಯವರನ್ನು ಕರೆದುಕೊಂಡು ಕ್ವಾರಿಯ ಕಡೆ ಹೊರಟೆವು.

ನನ್ನ ಹೆಂಡತಿ ಎಡಗಡೆ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕ್ವಾರಿಯ ಒಳಗೆ ಇಳಿಯುವ ಹಾದಿಯಲ್ಲಿ ಒಂದು ದೊಡ್ಡ ಕಲ್ಲು ಹಾಯ್ದು ಎಡಚಕ್ರ ಧೊಪ್ಪನೆ ಬಿತ್ತು. ಹಳೇ ಬಟ್ಟೆ ಹರಿದ ಹಾಗೆ ಸದ್ದಾಯಿತು. ಅವಳ ಕಾಲಡಿಯ ತಗಡು ಬಾಗಿಲಿನಿಂದ ಗೇರಿನವರೆಗೆ ಬಾಯಿ ಬಿಟ್ಟು, ಬಲಗಾಲು ಮೊಣಕಾಲವರೆಗೆ ಕೆಳಗೆ ಹೋಯಿತು. ಜೀಪು ನಿಲ್ಲುವಷ್ಟರಲ್ಲಿ ಎರಡು ಮಾರು ಮುಂದೆ ಹೋಗಿತ್ತು. ಅವಳ ಕಾಲು ನೆಲಕ್ಕೂ ತಗಡಿಗೂ ನಡುವೆ ಸಿಕ್ಕಿ ಅಷ್ಟು ದೂರ ಎಳೆದುಕೊಂಡು ಬಂದಿತ್ತು. ಪಾದದ ಗೆಣ್ಣು ಮುರಿದಿತ್ತು. ಹರಿದ ತಗಡು ಮೀನಖಂಡವನ್ನು ಸೀಳಿತ್ತು.

ಅವಳನ್ನು ಇನ್ನೊಂದು ಗಾಡಿಗೆ ಹತ್ತಿಸುವಾಗ ನಮ್ಮ ಗುಂಪಿನ ಲೇತ್ ಶೆಡ್ಡಿನವನು ಆ ತೂತನ್ನು ನೋಡಿ, ಮೊನ್ನೆ ತಾನೇ ಕೆಲಸ ಮಾಡಿಸಿದ ಗಾಡಿ, ಯಾರು ಗುರು ಮಾಡಿದ್ದು ಎಂದು ಕೇಳಿದ. ಆಸಿಡ್ ಸುರಿದೆ ಎಂದು ಹೇಳಲು ನನಗೆ ಆಗ ಒಂದು ಉಸಿರಿನಷ್ಟು ಸಮಯವಿತ್ತು. ನನ್ನ ಷಡ್ಡಕ, ಎಲ್ಲೆಂದರಲ್ಲಿ ವೆಲ್ಡಿಂಗ್ ಹೊಡೆದು ತಗಡು ಸುಟ್ಟು ಕೊಟ್ಟಿದ್ದಾನೆ ಎಂದೆ. ಅವನು ವೆಲ್ಡಿಂಗ್ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ಆಸ್ಪತ್ರೆಯಲ್ಲಿ ಹೆಂಡತಿಗೂ ಅದನ್ನೇ ಹೇಳಿದೆ. ನಾಲ್ಕು ಸಲ ಹೇಳಿದ ಮೇಲೆ ನನಗೇ ಅದು ನಿಜದ ಹಾಗೆ ಕೇಳತೊಡಗಿತು.

ಎರಡು ದಿನ ಬಿಟ್ಟು ಷಡ್ಡಕ ಮಾಕಳಿಗೆ ಬಂದ. ಎಳೆದು ತಂದು ನಿಲ್ಲಿಸಿದ್ದ ಜೀಪಿನ ಕೆಳಗೆ ಮೊದಲು ಹೋದ, ಮನೆಯೊಳಗೆ ಆಮೇಲೆ ಬಂದ. ಅವನ ಅಂಗೈಯಲ್ಲಿ ಹರಿದ ತಗಡಿನ ಒಂದು ಚೂರಿತ್ತು. ಹಳದಿ ಪುಡಿ ಮೆತ್ತಿಕೊಂಡು ಜರಡಿಯ ಹಾಗೆ ತೂತು ತೂತಾಗಿತ್ತು. ನನ್ನ ಹೆಂಡತಿ, ಅವಳ ತಂಗಿ ಇಬ್ಬರೂ ಒಳಕೋಣೆಯಲ್ಲಿದ್ದರು. ಅವನು ದನಿ ತಗ್ಗಿಸಿ ಹೇಳಿದ.

“ಅಣ್ಣ, ಇದು ನೀರು ತಿಂದಿದ್ದಲ್ಲ.”

ನಾನು ದನಿ ಏರಿಸಿದೆ, ಒಳಗಿನವರಿಗೆ ಕೇಳಲಿ ಎಂದೇ.

“ಆರನೇ ಕ್ಲಾಸ್ ಓದಿದೋನು ನಂಗೆ ಕೆಮಿಸ್ಟ್ರಿ ಹೇಳ್ಕೊಡ್ತೀಯಾ? ವೆಲ್ಡಿಂಗ್ ಹೊಡೆದು ಸುಟ್ಟಿದ್ದು ನೀನು. ಇಲ್ಲ ಅಂತ ಹೇಳು ನೋಡೋಣ.”

ಅವನು ಇಲ್ಲ ಎನ್ನಲಿಲ್ಲ. ಆ ಚೂರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ತನ್ನ ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಇಲ್ಲ ಎನ್ನದೇ ಹೋದದ್ದನ್ನು ನಾನು ಒಪ್ಪಿಗೆ ಎಂದು ಹಿಡಿದು ಎಲ್ಲರಿಗೂ ತೋರಿಸಿದೆ.

ಆಮೇಲೆ ಆದದ್ದು ಸಾವಕಾಶವಾಗಿ ಆಯಿತು. ಗುಂಪಿನ ನಾಲ್ಕೂ ಗಾಡಿಗಳು ಅವನ ಶೆಡ್ಡಿಗೆ ಹೋಗುವುದು ನಿಂತಿತು. ಅವರ ಶೆಡ್ಡುಗಳ ವ್ಯಾನುಗಳು ನಿಂತವು. ಅವರನ್ನು ನೋಡಿ ಸಾಲಿನ ಬೇರೆಯವರು ನಿಲ್ಲಿಸಿದರು. ಹೆಂಡತಿಯ ಅಕ್ಕನ ಕಾಲೇ ಮುರಿದ ಟಿಂಕರ್ ಎಂದು ಟೀ ಅಂಗಡಿಯಲ್ಲಿ ಹೇಳುತ್ತಿದ್ದರಂತೆ. ಎರಡು ವರ್ಷಕ್ಕೆ ಶೆಡ್ಡು ಮುಚ್ಚಿದ. ವೈಟ್‌ಫೀಲ್ಡಿನ ಆಚೆ ಒಂದು ದೊಡ್ಡ ಗ್ಯಾರೇಜಿನಲ್ಲಿ ಸಂಬಳಕ್ಕೆ ಸೇರಿದ. ಅಕ್ಕ ತಂಗಿಯರ ಮಾತು ನಿಂತುಹೋಯಿತು. ನಾನು ರಿಟೈರ್ ಆದೆ, ಜೀಪಿನ ಮೇಲೆ ಟಾರ್ಪಾಲು ಹೊದಿಸಿದೆ.

ಈ ವರ್ಷ ಅಳಿಯ ನನ್ನನ್ನು ಕೇಳದೆಯೇ ಒಬ್ಬ ಗುಜರಿಯವನನ್ನು ಕಳಿಸಿದ. ಆತ ಟಾರ್ಪಾಲು ಸರಿಸಿ ಎಡಗಡೆ ಬಾಗಿಲ ಕೆಳಗೆ ಒದ್ದ. ಬೂಟು ಒಳಗೆ ಹೋಯಿತು. ಬಲಗಡೆ ಬಂದು ಒದ್ದ. ಟಣ್ ಎಂದಿತು. ಅವನಿಗೆ ಆಶ್ಚರ್ಯವಾಯಿತು.

“ಒಂದೇ ಗಾಡಿ, ಒಂದೇ ಮಳೆ. ಈ ಕಡೆ ಕಬ್ಣ, ಆ ಕಡೆ ಹಪ್ಪಳ. ಯಾಕ್ ಸಾರ್ ಹಿಂಗೆ?”

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾರಾಟಕ್ಕಿಲ್ಲ ಎಂದು ಅವನನ್ನು ಕಳಿಸಿದೆ. ಇದು ಗುಜರಿಗೆ ಹೋದರೆ ಆ ಪ್ರಶ್ನೆಯೂ ಹೋಗುತ್ತದೆ, ನಾನು ಬಚಾವಾಗುತ್ತೇನೆ ಎಂದು ಆ ಹೊತ್ತಿಗೆ ಹೊಳೆಯಿತು. ಹಾಗೆ ಬಚಾವಾಗಲು ನನಗೆ ಇಷ್ಟವಿರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಗ್ರೈಂಡರು, ಸಣ್ಣ ವೆಲ್ಡಿಂಗ್ ಮೆಷಿನ್ನು ಎರಡನ್ನೂ ತಂದೆ. ಅರವತ್ತೆಂಟನೇ ವಯಸ್ಸಿಗೆ ಕಣ್ಣು ಹೋಗುತ್ತೆ ಎಂದಳು ಮಗಳು. ಹೋಗಲಿ ಎಂದೆ. ಯಜಮಾನರು ಕಾಂಪೌಂಡಿನ ಮೇಲೆ ಊರಿದ ಮೊಣಕೈ ಸಂಜೆಯವರೆಗೂ ತೆಗೆಯಲಿಲ್ಲ.

ಡಾಂಬರು ಬಿಡಿಸಲು ಹನ್ನೊಂದು ದಿನ ಹಿಡಿಯಿತು. ಬೆಂಕಿಗೆ ಹಿಡಿದರೆ ಜಿನುಗುತ್ತದೆ, ತಣ್ಣಗಾದರೆ ಕಲ್ಲಾಗುತ್ತದೆ. ಉಳಿಯಲ್ಲಿ ಕೆತ್ತಿ ತೆಗೆದೆ. ಬಲಗಡೆ ಬಾಕ್ಸನ್ನು ಮೊದಲು ಕೊಯ್ದೆ. ಒಳಗೆ ಮಣ್ಣು, ತೆಳುವಾದ ತುಕ್ಕು, ಅದರ ಕೆಳಗೆ ಗಟ್ಟಿ ಕಬ್ಬಿಣ. ಎಡಗಡೆಯದು ಕೊಯ್ಯುವಷ್ಟು ಉಳಿದೇ ಇರಲಿಲ್ಲ, ಕೈಯಲ್ಲೇ ಬಂತು. ಹಳದಿ ಪುಡಿ, ಪದರ ಪದರವಾಗಿ ಎದ್ದ ತಗಡು. ಷಡ್ಡಕ ಅಂಗೈಯಲ್ಲಿ ಹಿಡಿದು ತಂದಿದ್ದ ಚೂರಿನ ಅಣ್ಣತಮ್ಮಂದಿರು.

ಅದನ್ನು ಕಾಣಲು ನಾನು ತಯಾರಿದ್ದೆ. ಇನ್ನೊಂದಕ್ಕೆ ತಯಾರಿರಲಿಲ್ಲ. ಎಡಗಡೆ ಸೀಟಿನ ಕೆಳಗಿನ ಡಾಂಬರು ಕೆತ್ತಿದಾಗ, ಜೀಪಿಗೆ ಸೇರದ ಎಲ್ ಆಕಾರದ ಒಂದು ಕಬ್ಬಿಣದ ಆಂಗಲ್ ಕಂಡಿತು. ಮೊಳದುದ್ದ ಇತ್ತು. ಒಂದು ತುದಿ ಸೀಟಿನ ಕಾಲಿಗೆ, ಇನ್ನೊಂದು ಗಾಡಿಯ ಅಡಿಯ ಗಟ್ಟಿ ಚೌಕಟ್ಟಾದ ಚಾಸಿಗೆ ಬೆಸೆದಿತ್ತು. ಬೆಸುಗೆಯ ಗೆರೆ ಮೀನಿನ ಹುರುಪೆ ಜೋಡಿಸಿದ ಹಾಗೆ ಒಂದರ ಮೇಲೊಂದು ಸಮವಾಗಿ ಕೂತಿತ್ತು. ಆ ಕೈ ಯಾರದು ಎಂದು ನನಗೆ ಗೊತ್ತು. ಬಿಚ್ಚಬೇಡ, ಕೊಯ್ಯಬೇಡ ಎಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಅವನು ಬಿಚ್ಚಲಿಲ್ಲ, ಕೊಯ್ಯಲಿಲ್ಲ. ಬಣ್ಣ ಹೊಡೆಯುವ ನಡುವೆ ಹೇಳದೆ ಕೇಳದೆ ಅಕ್ಕ ಕೂರುವ ಸೀಟಿಗೆ ಒಂದು ಆಸರೆ ಕೊಟ್ಟು, ನನ್ನ ಕಣ್ಣಿಗೆ ಬೀಳದಿರಲಿ ಎಂದು ಮೇಲೆ ನಾನು ಬಳಿದಂಥದೇ ಡಾಂಬರು ಬಳಿದಿದ್ದ.

ಸುತ್ತಲಿನ ತಗಡೆಲ್ಲ ಹರಿದುಹೋಗಿತ್ತು. ಆಂಗಲ್ ಕದಲಿರಲಿಲ್ಲ. ಅದಿಲ್ಲದಿದ್ದರೆ ಆ ದಿನ ಸೀಟೇ ಕೆಳಗೆ ಹೋಗುತ್ತಿತ್ತು, ಹಿಂದೆ ಹಿಂಚಕ್ರವಿತ್ತು. ಕಾಲಿನ ಜಾಗದಲ್ಲಿ ಅವಳೇ ಇರುತ್ತಿದ್ದಳು. ಇಲ್ಲ ಅಂತ ಹೇಳು ನೋಡೋಣ ಎಂದು ನಾನು ಕೂಗಿದಾಗ ಅವನು ಯಾಕೆ ಸುಮ್ಮನಿದ್ದ ಎಂಬುದೂ ಆಗ ತಿಳಿಯಿತು. ವೆಲ್ಡಿಂಗ್ ಮಾಡಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ.

ಹೆಂಡತಿ ಜಗುಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ತೊಳೆಯದೆಯೇ ಹೋಗಿ ಎದುರು ಕೂತು ಎಲ್ಲ ಹೇಳಿದೆ, ಆಲಿಕೆ ಇಟ್ಟದ್ದರಿಂದ ಹಿಡಿದು. ಅವಳ ಕೈ ನಿಂತದ್ದು ಒಂದೇ ಕಡೆ, ಆಂಗಲ್ ವಿಷಯ ಬಂದಾಗ. ಎಲ್ಲಿದೆ ತೋರಿಸಿ ಎಂದಳು. ಆ ಕಾಲಿನಲ್ಲಿ ಬಗ್ಗುವುದು ಅವಳಿಗೆ ಕಷ್ಟ. ಜೀಪಿಗೆ ಕೈಯೂರಿ ಬಗ್ಗಿ ಆ ಬೆಸುಗೆಯನ್ನು ಮುಟ್ಟಿ ನೋಡಿದಳು. ಎದ್ದು ನಿಂತವಳು ನನ್ನ ಮುಖ ನೋಡಲಿಲ್ಲ.

“ನನ್ನ ತಂಗಿ ಫೋನ್ ಮಾಡಿ ಅತ್ತಿದ್ಲು, ನಮ್ಮನೆಯವರು ಅಂಥೋರಲ್ಲ ಅಕ್ಕ ಅಂತ. ನಾನು ಫೋನ್ ಇಟ್ಬಿಟ್ಟೆ. ನಿಮ್ಮ ಮಾತು ನಂಬ್ಕೊಂಡು.”

ಮರುದಿನ ಬೆಳಿಗ್ಗೆ ಆಟೋ ಕರೆಸಿ ರಾಜಗೋಪಾಲನಗರದ ತಂಗಿಯ ಮನೆಗೆ ಹೊರಟಳು. ನಾನೂ ಅಂಗಿ ಹಾಕಿಕೊಂಡು ಬಂದೆ.

“ನೀವು ಬರ್ಬೇಡಿ. ನಾನು ಹೋಗ್ತಿರೋದು ನನ್ನ ತಪ್ಪಿಗೆ. ನಿಮ್ಮದು ನಿಮಗಿರ್ಲಿ.”

ಸಂಜೆ ವಾಪಸ್ಸು ಬಂದಾಗ ಅವಳ ಕೈಯಲ್ಲಿ ತಂಗಿ ಕೊಟ್ಟ ಹೂವಿತ್ತು. ಏನು ಹೇಳಿದೆ ಎಂದು ಕೇಳಿದೆ. ಫೋನ್ ಇಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡ ಅಂದೆ, ಅಷ್ಟೇ. ಮಿಕ್ಕದ್ದು ನಮ್ಮ ಮನೆಯವರೇ ಬಂದು ಹೇಳ್ತಾರೆ ಅಂದಿದ್ದೀನಿ ಎಂದಳು. ಅಂದರೆ ದಾರಿ ತೆರೆದಿಟ್ಟು ಬಂದಿದ್ದಳು.

ಹೋದೆ. ಮಾದಾವರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ವೈಟ್‌ಫೀಲ್ಡಿನವರೆಗೆ. ತಪ್ಪಾಯ್ತು ಕಣಯ್ಯ ಎನ್ನುವ ಎರಡು ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡಿದ್ದೆ. ಗ್ಯಾರೇಜಿನ ಗೇಟಿನಲ್ಲಿ ಊಟದ ಹೊತ್ತಿಗೆ ಅವನನ್ನು ಕರೆಸಿದೆ. ನೀಲಿ ಯೂನಿಫಾರಂ, ಕತ್ತಿಗೆ ನೇತುಬಿದ್ದ ಕನ್ನಡಕ. ತಲೆ ಪೂರ್ತಿ ನರೆತಿತ್ತು. ಹತ್ತಿರ ಬಂದು, ಏನಣ್ಣ ಇಷ್ಟು ದೂರ ಎಂದ. ಅದೇ ಅಣ್ಣ. ನನ್ನ ಬಾಯಿಂದ ಬಂದದ್ದು ಬೇರೆ.

“ಬಾಕ್ಸ್ ಕೊಯ್ದಿದ್ದೀನಿ. ಎಷ್ಟು ಗೇಜಿನ ಶೀಟ್ ಹಾಕ್ಬೇಕು ಅಂತ ಕೇಳೋಣ ಅಂತ ಬಂದೆ.”

ಅವನು ನನ್ನ ಮುಖವನ್ನೇ ನೋಡಿದ. ನನ್ನ ಕೈಯ ಮೇಲಿದ್ದ ಗ್ರೈಂಡರ್ ಕಿಡಿಯ ಸುಟ್ಟ ಕಲೆಗಳನ್ನು ನೋಡಿದ. ಬಟ್ಟೆಯಲ್ಲಿ ತನ್ನ ಕೈ ಒರೆಸಿಕೊಂಡ.

“ಹದಿನಾರು ಹಾಕಿ. ಹದಿನೆಂಟು ತೆಳ್ಳಗಾಯ್ತದೆ. ಒಂದೇ ಸಲಕ್ಕೆ ಉದ್ದಕ್ಕೆ ಎಳೀಬೇಡಿ, ಚುಕ್ಕಿ ಚುಕ್ಕಿ ಇಟ್ಕೊಂಡು ಹೋಗಿ, ಇಲ್ಲಾಂದ್ರೆ ಶೀಟ್ ಸೊಟ್ಟ ತಿರುಗ್ತದೆ. ಕೆಳಗಡೆ ನೀರು ಇಳಿಯಕ್ಕೆ ಎರಡು ತೂತು ಬಿಡಿ.”

ಗೇಜಿನ ಅಂಕಿ ಏರಿದಷ್ಟೂ ತಗಡು ತೆಳು ಎಂಬುದು ನನಗೂ ಗೊತ್ತಿದ್ದದ್ದೇ, ಸರಿ ಎಂದೆ. ಅವನು ತಿರುಗಿ ನಾಲ್ಕು ಹೆಜ್ಜೆ ಹೋಗಿ ನಿಂತ.

“ಒಳಗೆ ಏನೂ ಹುಯ್ಬೇಡಿ ಅಣ್ಣ.”

ಅಲ್ಲಿಗೆ ಅವನ ಊಟದ ಹೊತ್ತು ಮುಗಿಯಿತು, ಒಳಗೆ ಹೋದ. ಬಂದ ದಾರಿಯಲ್ಲೇ ವಾಪಸ್ಸು ಬಂದೆ. ಮೆಟ್ರೋದಲ್ಲಿ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಬೇಡ ಎಂದು ಮಾದಾವರದವರೆಗೂ ನಿಂತೇ ಇದ್ದೆ.

ಅವನೊಬ್ಬನ ಎದುರು ಬಾಯಿ ಬರಲಿಲ್ಲವಾದರೆ, ಯಾರ ಎದುರು ನನ್ನ ಬಾಯಿ ಓಡಿತ್ತೋ ಅವರನ್ನಾದರೂ ಬಿಡಬಾರದು ಎಂದುಕೊಂಡೆ. ಭಾನುವಾರದ ಗುಂಪಿನ ನಾಲ್ವರನ್ನೂ ಬೆಳಿಗ್ಗೆ ಮನೆಗೆ ಕರೆದೆ. ಎಡಮಗ್ಗುಲು ಬಿಚ್ಚಿಟ್ಟ ಜೀಪಿನ ಮುಂದೆ ನಿಲ್ಲಿಸಿ, ಆಸಿಡ್ ಸುರಿದವನು ನಾನು, ಅವನ ಮೇಲೆ ಹೇಳಿದ್ದು ಸುಳ್ಳು ಎಂದೆ. ಲೇತ್ ಶೆಡ್ಡಿನವನು ಮುಜುಗರದಿಂದ ನಕ್ಕ.

“ಬಿಡು ಗುರು, ಯಾವ ಕಾಲದ ಕತೆ.”

“ನಿನಗೆ ಹಳೇದು. ಅವನು ದಿನಾ ಊರಿನ ಆ ತುದಿಗೆ ಕೂಲಿಗೆ ಹೋಗ್ತಾನೆ. ನಿನ್ನ ವ್ಯಾನು ಅಲ್ಲಿಂದ ಬಿಡಿಸಿದ್ದು ನನ್ನ ಮಾತಿಗೆ ತಾನೇ? ಬಗ್ಗು. ಬಗ್ಗಿ ನೋಡು.”

ಒಬ್ಬೊಬ್ಬರಾಗಿ ಬಗ್ಗಿದರು. ಹಳದಿ ಪುಡಿಯನ್ನು ನೋಡಿದರು, ಆಂಗಲ್ಲನ್ನು ನೋಡಿದರು. ಪ್ಲೇಟಿಂಗ್ ಕೆಲಸ ಬಲ್ಲ ಒಬ್ಬ ಬೆರಳಲ್ಲಿ ಪುಡಿ ಉಜ್ಜಿ, ಕಾಫಿ ಮುಟ್ಟದೆ ಹೊರಟುಹೋದ. ಅವನು ಇನ್ನು ನನ್ನ ಮುಖ ನೋಡುವುದಿಲ್ಲ ಅನಿಸುತ್ತದೆ. ನೋಡದಿದ್ದರೆ ಬೇಡ. ಕಾಂಪೌಂಡಿನ ಆಚೆಯಿಂದ ಯಜಮಾನರೂ ಎಲ್ಲ ಕೇಳಿಸಿಕೊಂಡರು. ಅವರು ಕೇಳಿಸಿಕೊಂಡರೆ ಊರಿಗೆ ಬೇರೆ ಹೇಳುವುದು ಬೇಕಿಲ್ಲ. ಅದಕ್ಕೆಂದೇ ನಾನು ಮನೆಯೊಳಗೆ ಕೂರಿಸಿ ಹೇಳಲಿಲ್ಲ.

ಈಗ ಬಲಗಡೆ ಬಾಕ್ಸನ್ನು ಹದಿನಾರು ಗೇಜಿನಲ್ಲಿ ಮುಚ್ಚಿದ್ದೇನೆ. ಬೆಸುಗೆ ಸೊಟ್ಟಗಿದೆ, ನಗುವವರು ನಗಲಿ. ಎಡಗಡೆಯದನ್ನು ತೆರೆದೇ ಇಟ್ಟಿದ್ದೇನೆ. ಪುಟ್ಟಿಯಿಲ್ಲ, ಡಾಂಬರಿಲ್ಲ, ಬಣ್ಣವಿಲ್ಲ. ಮಳೆ ಬಂದರೆ ತಗಡು ಅಡ್ಡ ಇಡುತ್ತೇನೆ. ಅದನ್ನು ಯಾರು ಬೇಕಾದರೂ ಬಂದು ನೋಡಬಹುದು, ಯಾಕೆ ಹೀಗೆ ಎಂದು ಕೇಳಬಹುದು. ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಎಲ್ಲ ಹೇಳಿಕೊಂಡು ಹಗುರವಾದಿರಲ್ಲ ಎಂದು ಮಗಳು ಮೊನ್ನೆ ಹೇಳಿದಳು. ಹಗುರವಾಗಿಲ್ಲ. ಹಗುರವಾಗಲೆಂದು ಹೇಳಿದ್ದೂ ಅಲ್ಲ. ಹೆಂಡತಿಗೆ ಹೇಳಿದೆ, ಗೆಳೆಯರಿಗೆ ಹೇಳಿದೆ, ಗುರುತಿಲ್ಲದ ನಿಮಗೂ ಹೇಳಿದೆ. ಇಷ್ಟು ಜನರ ಎದುರು ಸುಲಭವಾಗಿ ಬಂದ ಮಾತು ಒಬ್ಬನ ಎದುರು ಮಾತ್ರ ಗೇಜಿನ ಲೆಕ್ಕವಾಗಿ ಹೋಯಿತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ರಾಜಗೋಪಾಲನಗರದಲ್ಲಿ ಬೋರ್ಡಿಲ್ಲದ ಶೆಡ್ಡಿನಲ್ಲಿ ಸುತ್ತಿಗೆಯ ದನಿ ಕೇಳಿಯೇ ಕಬ್ಬಿಣದ ಒಳಗನ್ನು ಹೇಳುತ್ತಿದ್ದವನು, ನನ್ನ ಹೆಂಡತಿಯನ್ನು ನನ್ನಿಂದ ಉಳಿಸಿಕೊಟ್ಟವನು. ನನ್ನ ಷಡ್ಡಕ. ಅವನಿಗೆ ನಾನು ಇನ್ನೂ ತಪ್ಪಾಯಿತು ಎಂದಿಲ್ಲ.